ಸ್ವೆಟರ್ ಟೀಚರೂ ಟಾರ್ಗೆಟ್ ಸಾಹೇಬರೂ

ನನ್ನ ತಂಗಿಯ ಮಗಳು ಡಾಕ್ಟರಾಗಿ ಮೊನ್ನೆ ಸರಕಾರಿ ಆಸ್ಪತ್ರೆಗೆ ಸೇರಿದಳು. ಸೇರಿದ ವಾರವೇ ಮನೆಗೆ ಬಂದು, ಅಟ್ಟದಿಂದ ಇಳಿಸಿದ ಹಳೇ ಪಾತ್ರೆ ನೋಡುವವಳ ಹಾಗೆ ನನ್ನನ್ನು ನೋಡಿ, "ದೊಡ್ಡಮ್ಮ, ಆಗ ಹಾರ್ಮೋನ್ ಟೆಸ್ಟೇ ಇರ್ಲಿಲ್ವಲ್ಲ, ನೀವೆಲ್ಲ ಎಂತ ಮಾಡ್ತಿದ್ದದ್ದು?" ಎಂದು ಕೇಳಿದಳು. ರೋಗಿಯ ಮುಖ ನೋಡುತ್ತಿದ್ದೆವು ಎಂದೆ. ಅವಳಿಗೆ ನಗು ಬಂತು. ಅವಳ ಆಸ್ಪತ್ರೆಯಲ್ಲಿ ಬೆಳಿಗ್ಗೆ ರಕ್ತ ತೆಗೆದರೆ ಸಂಜೆಗೆ ಮೊಬೈಲಿಗೆ ಅಂಕಿ ಬರುತ್ತದಂತೆ. ಅಂಕಿಯ ಪಕ್ಕದಲ್ಲಿ ಬಾಣದ ಗುರುತು ಬೇರೆ. ಮೇಲೆ ನೋಡಿದರೆ ಹೆಚ್ಚು, ಕೆಳಗೆ ನೋಡಿದರೆ ಕಡಿಮೆ. ಬಾಣ ನೋಡಿ ಗುಳಿಗೆ ಬರೆಯುವುದಕ್ಕೆ ಅಷ್ಟು ವರ್ಷ ಯಾಕೆ ಓದಿದಿರಿ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಬಾಯಲ್ಲಿ ಹೇಳಿದರೆ ಫೋನು ನೋಡುತ್ತ ಹೂಂಗುಟ್ಟುತ್ತಾಳೆ. ಆದ್ದರಿಂದ ಬರೆದೇ ಇಡುತ್ತೇನೆ. ಅವಳ ಓರಗೆಯವರು ಯಾರಾದರೂ ಓದಿದರೆ ಓದಲಿ.

ನಾನು ಕೊಕ್ಕಡದವಳು. ಓದು ಮುಗಿಸಿ ಎಪ್ಪತ್ತರ ದಶಕದ ಆರಂಭದಲ್ಲಿ ಬಂಟ್ವಾಳದ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತೆ. ಆಗ ನಮ್ಮಲ್ಲಿ ಇದ್ದದ್ದು ಎರಡೇ ಬಗೆಯ ಚಿಕಿತ್ಸೆ. ಸುಸ್ತು ಎಂದವರಿಗೆ ಕೆಂಪು ಟಾನಿಕ್ಕು, ತುಂಬಾ ಸುಸ್ತು ಎಂದವರಿಗೆ ಕೆಂಪು ಇಂಜೆಕ್ಷನ್ನು. ಚುಚ್ಚಿದ ಜಾಗ ಎರಡು ದಿನ ನೋಯದಿದ್ದರೆ ರೋಗಿಗೆ ಸಮಾಧಾನವಿಲ್ಲ, "ಮದ್ದಿನಲ್ಲಿ ಪವರ್ ಇಲ್ಲ ಡಾಕ್ಟ್ರೇ" ಎನ್ನುತ್ತಿದ್ದರು. ದೇಹದ ಒಂದು ಮೂಲೆಯಲ್ಲಿರುವ ಗ್ರಂಥಿ ರಕ್ತಕ್ಕೆ ಚೂರು ರಸ ಬಿಡುತ್ತದೆ, ಅದು ಇನ್ನೊಂದು ಮೂಲೆಗೆ ಹೋಗಿ ಅಲ್ಲಿ ಕೆಲಸ ಮಾಡಿಸುತ್ತದೆ, ಆ ರಸ ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ ಎಂದು ಯಾರಿಗಾದರೂ ವಿವರಿಸಲು ಹೋದರೆ, "ಅದಕ್ಕೆ ಟಾನಿಕ್ ಉಂಟಾ?" ಎಂದು ಕೇಳುತ್ತಿದ್ದರು. ಕೇಳುತ್ತಿದ್ದವರಲ್ಲಿ ನಮ್ಮ ಹಿರಿಯ ಡಾಕ್ಟರೂ ಒಬ್ಬರು.

ಆ ಹಿರಿಯ ಡಾಕ್ಟರನ್ನು ನಾನು ಸಾಹೇಬರು ಎಂದೇ ಕರೆಯುತ್ತೇನೆ. ಮುಂದೆ ಬಡ್ತಿ ಸಿಕ್ಕಿ ಅವರು ನಿಜವಾಗಿಯೂ ಸಾಹೇಬರಾದರು. ಆಳು ನೋಡಲು ಚಂದ, ಶರಟು ಇಸ್ತ್ರಿ, ಮಾತು ಇನ್ನೂ ಇಸ್ತ್ರಿ. ರೋಗಿ ಒಳಗೆ ಕಾಲಿಡುವ ಮೊದಲೇ ರೋಗ ಹೇಳಿಬಿಡುತ್ತಿದ್ದರು. ಹೇಳಿದ ಮೇಲೆ ರೋಗಿ ಬೇಕಾದರೆ ಬದಲಾಗಬೇಕು, ರೋಗ ಬದಲಾಗುವಂತಿಲ್ಲ.

ಒಂದು ವರ್ಷ ಆಟಿ, ಅಂದರೆ ಆಷಾಢದ ಅಮಾವಾಸ್ಯೆಯ ಮಾರನೇ ದಿನ ಪೊಳಲಿ ಕಡೆಯ ಟೈಲರ್ ಸೇಸಪ್ಪಣ್ಣನನ್ನು ಬಾಡಿಗೆ ಕಾರಿನಲ್ಲಿ ಹಾಕಿಕೊಂಡು ಬಂದರು. ನಮ್ಮ ಕಡೆ ಆ ಅಮಾವಾಸ್ಯೆಯ ಮುಂಜಾನೆ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು ಕಷಾಯ ಮಾಡಿ ಮನೆಯವರೆಲ್ಲ ಕುಡಿಯುತ್ತಾರೆ. ಕತ್ತಲೆಯಲ್ಲಿ ಹಾಲೆ ಮರ ಬಿಟ್ಟು ವಿಷದ ಕಾಸರಕದ ಮರಕ್ಕೆ ಕಲ್ಲು ಹಾಕಿದವರೂ ಉಂಟು, ಅಂಥವರು ಸೆಟೆದುಕೊಂಡು ಆಸ್ಪತ್ರೆಗೆ ಬರುತ್ತಾರೆ. ಕಾರಿನ ಬಾಗಿಲು ತೆರೆಯುವ ಮೊದಲೇ ಸಾಹೇಬರು, "ಕಾಸರಕ. ಹೊಟ್ಟೆ ತೊಳೆಯಿರಿ," ಎಂದು ಅಪ್ಪಣೆ ಕೊಟ್ಟರು.

ಸೇಸಪ್ಪಣ್ಣ ಸೆಟೆದಿರಲಿಲ್ಲ. ಹಿಂಡಿದ ಬಟ್ಟೆಯ ಹಾಗೆ ಬಿದ್ದಿದ್ದ. ವಾಂತಿ, ತಣ್ಣಗಿನ ಬೆವರು, ಬಿ.ಪಿ. ಸಿಗುವುದೇ ಕಷ್ಟ. ನಾನು ಅಂಗಿ ಎತ್ತಿ ನೋಡಿದೆ. ಕೈಕಾಲು ಸಪೂರ, ಹೊಟ್ಟೆ ಮಾತ್ರ ಗುಂಡಗೆ, ಅದರ ಮೇಲೆ ನೇರಳೆ ಬಣ್ಣದ ಬರೆಗಳು. ಮುಖ ಹುಣ್ಣಿಮೆಯ ಚಂದ್ರ. ಅವನ ತಾಯಿಯನ್ನು ಕೇಳಿದೆ.

"ಇವನು ಯಾವುದಾದ್ರೂ ಮದ್ದು ತಿಂತಿದ್ನಾ ಅಮ್ಮ?"

"ದಮ್ಮಿಗೆ ಪಂಡಿತರ ಪುಡಿ ತಿಂತಿದ್ದ. ಭಾರೀ ಒಳ್ಳೆ ಪುಡಿ, ಎರಡು ವರ್ಷದಿಂದ ದಮ್ಮು ಇಲ್ಲ, ಮುಖ ಸಹ ತುಂಬಿತ್ತು. ಕಷಾಯ ಕುಡಿಯುವ ವಾರ ಬೇರೆ ಮದ್ದು ಮುಟ್ಬಾರ್ದಲ್ಲ. ನಾನೇ ಬಿಡಿಸಿದ್ದು."

ಪುಡಿಯಲ್ಲಿ ಇದ್ದದ್ದು ಸ್ಟಿರಾಯ್ಡ್. ಮೂತ್ರಪಿಂಡದ ತಲೆಯ ಮೇಲೆ ಅಡ್ರಿನಲ್ ಎಂಬ ಪುಟ್ಟ ಗ್ರಂಥಿ ಕೂತಿರುತ್ತದೆ. ಕಷ್ಟಕಾಲದಲ್ಲಿ ಮನುಷ್ಯನನ್ನು ನಿಲ್ಲಿಸಿಕೊಳ್ಳುವ ಕಾರ್ಟಿಸಾಲ್ ಎಂಬ ಹಾರ್ಮೋನು ಅಲ್ಲಿಂದ ಬರಬೇಕು. ಅದರದ್ದೇ ನಕಲಾದ ಸ್ಟಿರಾಯ್ಡ್ ಹೊರಗಿನಿಂದ ದಿನಾ ಪುಕ್ಕಟೆ ಬರಲು ಶುರುವಾದರೆ ಗ್ರಂಥಿ ಕೆಲಸ ನಿಲ್ಲಿಸಿ ಮಲಗುತ್ತದೆ, ನಮ್ಮ ಇಲಾಖೆಯಲ್ಲಿ ಕೆಲವರು ಮಲಗುತ್ತಿದ್ದ ಹಾಗೆ. ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ಅದಕ್ಕೆ ಎಚ್ಚರವಾಗಲು ತಿಂಗಳುಗಳು ಬೇಕು. ಅಷ್ಟು ಹೊತ್ತು ಮನುಷ್ಯ ಕಾಯಬೇಕಲ್ಲ. ನಾನು ಹೈಡ್ರೋಕಾರ್ಟಿಸೋನ್ ಎಂಬ ಸ್ಟಿರಾಯ್ಡಿನ ಇಂಜೆಕ್ಷನ್ ಕೊಟ್ಟು ಸಲೈನ್ ಹಚ್ಚಿದೆ. ಸಾಹೇಬರು ಹೊಟ್ಟೆ ತೊಳೆಯುವ ನಳಿಗೆ ಹುಡುಕಿಸಿ ತರುವಷ್ಟರಲ್ಲಿ ಸೇಸಪ್ಪಣ್ಣ ಕಣ್ಣು ಬಿಟ್ಟು ನೀರು ಕೇಳಿದ.

ಆಮೇಲಿನದ್ದು ಕೇಳಿ. ಸಾಹೇಬರು ತಾವು ಒಂದು ಕಾಸರಕದ ಕೇಸು ಉಳಿಸಿದ್ದಾಗಿ ಊರಿಡೀ ಹೇಳಿಕೊಂಡು ಬಂದರು. ಪುಡಿ ಕೊಟ್ಟ ನಾಟಿವೈದ್ಯ ಪಂಡಿತರು ಇನ್ನೂ ಚುರುಕು. "ನನ್ನ ಪುಡಿ ಬಿಟ್ಟ, ಜೀವ ಹೋಗುವಷ್ಟಾಯ್ತು, ನೋಡಿದ್ರಲ್ಲ?" ಎಂದು ಪ್ರಚಾರ ಮಾಡಿದರು. ಅವರು ಹೇಳಿದ್ದು ಅಕ್ಷರಶಃ ನಿಜವಾದ್ದರಿಂದ ನಾನು ಎದುರು ಮಾತಾಡುವಂತೆಯೂ ಇರಲಿಲ್ಲ. ಅವರ ಅಂಗಡಿಯ ಮುಂದೆ ಜನ ಇಮ್ಮಡಿಯಾದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಒಂದು ಲಾಭವಾಯಿತು, ಕಾರ್ಟಿಸಾಲ್ ಇಲ್ಲದ ಮನುಷ್ಯ ಹೇಗಿರುತ್ತಾನೆ ಎಂಬುದು ನನ್ನ ಕಣ್ಣಿನಲ್ಲಿ ಕೂತುಬಿಟ್ಟಿತು.

ಕೆಲವು ವರ್ಷಗಳ ನಂತರ ನನ್ನನ್ನು ಬೆಳ್ತಂಗಡಿ ತಾಲೂಕಿಗೆ ಹಾಕಿದರು. ಅಷ್ಟರಲ್ಲಿ ದೇಶಕ್ಕೆ ಟಾರ್ಗೆಟ್ಟಿನ ಜ್ವರ ಬಂದಿತ್ತು. ತುರ್ತು ಪರಿಸ್ಥಿತಿಯ ಕಾಲ. ಕುಟುಂಬ ಯೋಜನೆಯ ಆಪರೇಶನ್ನಿಗೆ ಎಲ್ಲರೂ ಜನ ತರಬೇಕು: ಡಾಕ್ಟರು, ನರ್ಸು, ಗ್ರಾಮಸೇವಕ, ಕಡೆಗೆ ಶಾಲೆಯ ಮಾಸ್ತರರು ಕೂಡ. ತಂದ ಜನಕ್ಕೆ ಜನ ಎನ್ನುತ್ತಿರಲಿಲ್ಲ, ಕೇಸು ಎನ್ನುತ್ತಿದ್ದರು. ಕೇಸು ತರದ ಟೀಚರಿನ ಸಂಬಳ ತಡೆಯುತ್ತಿದ್ದರು. ಕ್ಯಾಂಪುಗಳ ಮೇಲ್ವಿಚಾರಣೆಗೆ ಬಂದವರು ನಮ್ಮ ಸಾಹೇಬರೇ. ರೋಗಿ ನೋಡುವ ಮೊದಲೇ ರೋಗ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗಲಾರದು, ಇಲ್ಲಿ ಎಲ್ಲರಿಗೂ ಒಂದೇ ರೋಗ. ಮಲೇರಿಯ ಎಷ್ಟು, ಬಾಣಂತಿ ಸಾವು ಎಷ್ಟು ಎಂದು ಅವರು ನನ್ನನ್ನು ಒಂದು ದಿನ ಕೇಳಿದ್ದಿಲ್ಲ. "ಕೇಸು ಎಷ್ಟಾಯ್ತು?" ಇಷ್ಟೇ.

ಮೂಡಬಿದಿರೆಯಲ್ಲಿ ಒಂದು ಶಾಲೆಯ ಕಟ್ಟಡದಲ್ಲಿ ಕ್ಯಾಂಪು. ಬೆಂಚುಗಳನ್ನು ಜೋಡಿಸಿ ಮಂಚ ಮಾಡಿದ್ದರು, ಕರಿಹಲಗೆಯ ಮೇಲೆ ಹಿಂದಿನ ದಿನದ ಲೆಕ್ಕದ ಪಾಠ ಹಾಗೇ ಇತ್ತು. ಆಪರೇಶನ್ ಮಾಡಲು ಮಂಗಳೂರಿನಿಂದ ಒಬ್ಬ ಸರ್ಜನ್. ಹೆಂಗಸರನ್ನು ಮೊದಲು ಪರೀಕ್ಷಿಸಿ ಒಳಗೆ ಕಳಿಸುವ ಕೆಲಸ ನನ್ನದು. ಏಪ್ರಿಲ್ ಸೆಖೆ. ಕುರ್ಚಿ ಕೂಡ ಬೆವರುವಂಥ ದಿನ. ಅಂಥ ದಿನ ಉಣ್ಣೆಯ ಸ್ವೆಟರ್ ಹಾಕಿಕೊಂಡು ಒಬ್ಬಳು ಹೆಂಗಸು ಒಳಗೆ ಬಂದು ಕೂತಳು.

ಹಿಂದೆಯೇ ಹೆಡ್‌ಮಾಸ್ತರರು. ನಾರಾವಿ ಕಡೆಯ ಒಂದು ಶಾಲೆಯವರು. "ಇವ್ರು ನಮ್ಮ ಗಿರಿಜಾ ಟೀಚರ್. ಕೇಸು ತರ್ಲಿಕ್ಕೆ ಇವ್ರಿಂದ ಆಗ್ಲಿಲ್ಲ. ಮನೆ ಮನೆ ತಿರುಗುದು ಬಿಡಿ, ಕ್ಲಾಸಿನಲ್ಲಿ ಮೇಜಿಗೆ ತಲೆ ಇಟ್ಟು ನಿದ್ದೆ. ಮಕ್ಕಳು ಸ್ವೆಟರ್ ಟೀಚರ್ ಅಂತ ಹೆಸರಿಟ್ಟಿದ್ದಾರೆ. ಸೋಮಾರಿತನಕ್ಕೆ ಮದ್ದು ಉಂಟಾ ಡಾಕ್ಟ್ರೇ? ಈಗ ಸ್ವತಃ ಕೇಸಾಗ್ತೇನೆ ಅಂತ ಒಪ್ಪಿದ್ದಾರೆ. ಬೇಗ ಮುಗಿಸಿಬಿಡಿ."

ಅವರನ್ನು ಹೊರಗೆ ನಿಲ್ಲಲು ಹೇಳಿ ಬಾಗಿಲು ಹಾಕಿದೆ. ಹಾಕಿದ ಬಾಗಿಲಿಗೆ ಚಿಲಕ ಇರಲಿಲ್ಲ, ಆ ಮಾತು ಬೇರೆ.

ಗಿರಿಜಾಳ ಮುಖ ಬಾಡಿದ ಕೆಸುವಿನ ಎಲೆಯ ಹಾಗಿತ್ತು. ಬಿಳಿಚಿ, ಚೂರು ಊದಿ, ಕಣ್ಣ ಸುತ್ತ ಸಣ್ಣ ಸಣ್ಣ ಸುಕ್ಕು. ಮೂವತ್ತರ ಆಸುಪಾಸಿನ ಹೆಣ್ಣಿಗೆ ಐವತ್ತರ ಕಳೆ. ಹುಬ್ಬಿನ ಹೊರತುದಿಯಲ್ಲಿ ಕೂದಲಿಲ್ಲ, ಕಂಕುಳಲ್ಲೂ ಇಲ್ಲ. ನಾನು ಕೇಳಿದ್ದಕ್ಕೆ ಉತ್ತರ ಬರಲು ಎಷ್ಟು ಹೊತ್ತು ಬೇಕಿತ್ತೆಂದರೆ, ಮೊದಲು ಕಿವಿ ಕೇಳುವುದಿಲ್ಲ ಎಂದುಕೊಂಡೆ. ಬಂದ ಸ್ವರ ಗಂಡಸಿನ ಹಾಗೆ ಒರಟು.

"ಮಕ್ಕಳು?"

"ಇಬ್ರು."

"ಎರಡನೇ ಹೆರಿಗೆ ಹೇಗಾಯ್ತು?"

"ಮನೆಯಲ್ಲಿ. ರಕ್ತ ತುಂಬಾ ಹೋಯ್ತು ಡಾಕ್ಟ್ರೇ. ಚಾಪೆ ಬದಲಾಯಿಸಿ ಬದಲಾಯಿಸಿ ಅಮ್ಮನಿಗೆ ಸಾಕಾಗಿತ್ತಂತೆ. ನನಗೆ ನೆನಪಿಲ್ಲ, ಎಚ್ಚರ ತಪ್ಪಿತ್ತು."

"ಮಗುವಿಗೆ ಹಾಲು ಬಂತಾ?"

ಅವಳು ತಲೆ ತಗ್ಗಿಸಿದಳು. "ಬರ್ಲೇ ಇಲ್ಲ. ಒಂದು ಹನಿ ಸಹ. ಅಮ್ಮ ಎಂತೆಂತದೋ ಮದ್ದು ಅರೆದು ಕೊಟ್ರು. ತಲೆಕೂದಲೂ ಉದುರಿತು."

"ಮುಟ್ಟು?"

"ಆ ಮೇಲೆ ಇಲ್ವೇ ಇಲ್ಲ."

"ಮತ್ತೆ ಈ ಆಪರೇಶನ್ ನಿನಗೆ ಯಾಕೆ? ಮುಟ್ಟೇ ಇಲ್ಲದವಳಿಗೆ ಮಕ್ಕಳಾಗುವುದುಂಟಾ?"

"ಆಗುದಿಲ್ಲ ಅಂತ ನನಗೂ ಗೊತ್ತುಂಟು. ಆದ್ರೆ ಸಂಬಳ ನಿಂತಿದೆ ಡಾಕ್ಟ್ರೇ. ಕೆಲಸದಿಂದ ತೆಗೀಲಿಕ್ಕೆ ಬರೀತೇನೆ ಅಂತ ಹೆಡ್‌ಮಾಸ್ಟ್ರು ಹೇಳಿದ್ದಾರೆ. ಲೆಕ್ಕಕ್ಕೆ ನಾನೇ ಆಗ್ತೇನೆ ಅಂತ ಬಂದೆ. ನನ್ನನ್ನು ವಾಪಸ್ ಕಳಿಸ್ಬೇಡಿ."

ಓದುವ ಮಕ್ಕಳೇ, ಇಲ್ಲಿ ಸ್ವಲ್ಪ ನಿಲ್ಲಿ. ತಲೆಬುರುಡೆಯ ಅಡಿಯಲ್ಲಿ, ಮೂಗಿನ ಹಿಂದೆ ಕಡಲೆಕಾಳಿನಷ್ಟು ದೊಡ್ಡದೊಂದು ಗ್ರಂಥಿ ಇದೆ, ಪಿಟ್ಯೂಟರಿ. ಥೈರಾಯ್ಡು, ಅಡ್ರಿನಲ್ಲು, ಅಂಡಾಶಯ ಎಲ್ಲವೂ ಅದರ ಆಜ್ಞೆಯಂತೆ ನಡೆಯುತ್ತವೆ; ಎದೆಹಾಲು ಬರಿಸುವುದೂ ಅದೇ. ಗರ್ಭಿಣಿಯರಲ್ಲಿ ಅದು ಉಬ್ಬಿಕೊಂಡಿರುತ್ತದೆ. ಹೆರಿಗೆಯಲ್ಲಿ ಮಿತಿಮೀರಿ ರಕ್ತ ಹೋದರೆ ಮೊದಲು ರಕ್ತದ ಹಸಿವೆಯಿಂದ ಸಾಯುವುದೂ ಅದೇ. ಆಮೇಲೆ ಒಂದೊಂದಾಗಿ ಎಲ್ಲವೂ ಬಾಗಿಲು ಹಾಕುತ್ತವೆ. ಹಾಲು ಬರುವುದಿಲ್ಲ, ಮುಟ್ಟು ನಿಲ್ಲುತ್ತದೆ, ಥೈರಾಯ್ಡಿಗೆ ಅಪ್ಪಣೆ ಹೋಗದೆ ಚಳಿ, ನಿದ್ದೆ, ನಿಧಾನ. ಅಡ್ರಿನಲ್ಲಿಗೆ ಅಪ್ಪಣೆ ಹೋಗದೆ ಕಾರ್ಟಿಸಾಲ್ ಇಲ್ಲ. ಇಂಥವಳು ನೆರಳಲ್ಲಿ ಕೂತಿದ್ದರೆ ಹೇಗೋ ವರ್ಷಗಳನ್ನು ದೂಡುತ್ತಾಳೆ. ಹೊಟ್ಟೆ ಕೊಯ್ದರೆ ಸೇಸಪ್ಪಣ್ಣನ ಹಾಗೆ ಬೀಳುತ್ತಾಳೆ, ಏಳುವುದಿಲ್ಲ. ಅವಳ ಬಿ.ಪಿ. ನೋಡಿದೆ, ಕೂತಲ್ಲೇ ತೀರಾ ಕಡಿಮೆ. ನಿಲ್ಲಿಸಿ ನೋಡಿದರೆ ಇನ್ನೂ ಕೆಳಗೆ ಹೋಯಿತು, ಗೋಡೆ ಹಿಡಿದುಕೊಂಡಳು.

ಈಕೆಗೆ ಆಪರೇಶನ್ ಕೂಡದು ಎಂದು ಬರೆದೆ. ಬರೆದು ಪೆನ್ನು ಮುಚ್ಚುವಷ್ಟರಲ್ಲಿ ಸಾಹೇಬರು ಒಳಗಿದ್ದರು. ಬಾಗಿಲಿಗೆ ಚಿಲಕ ಇರಲಿಲ್ಲ ಎಂದೆನಲ್ಲ.

"ಏನಮ್ಮ, ತಾನಾಗಿ ನಡೆದು ಬಂದ ಕೇಸನ್ನು ವಾಪಸ್ ಕಳಿಸ್ತೀರಂತೆ?"

"ಇವಳಿಗೆ ಪಿಟ್ಯೂಟರಿ ಹೋಗಿದೆ ಸಾರ್. ಟೇಬಲ್ಲಿನ ಮೇಲೆಯೇ ಸಾಯ್ತಾಳೆ. ಮತ್ತೆ ಇವಳಿಗೆ ಮುಟ್ಟೇ ಇಲ್ಲ, ಆಪರೇಶನ್ ಎಂತಕ್ಕೆ?"

"ಮುಟ್ಟು ಇಲ್ಲದಿದ್ರೆ ಇನ್ನೂ ಒಳ್ಳೆದು, ಫೇಲ್ ಆಗುವ ಹೆದರಿಕೆ ಇಲ್ಲ," ಎಂದರು ಸಾಹೇಬರು.

ದೇವರಾಣೆಗೂ ಹೀಗೆಯೇ ಅಂದರು. ಇಷ್ಟು ವರ್ಷದ ಮೇಲೂ ಆ ಮಾತು ನೆನಪಾದರೆ ನಗಬೇಕೋ ಚಪ್ಪಲಿ ಹುಡುಕಬೇಕೋ ತಿಳಿಯುವುದಿಲ್ಲ. ಗಿರಿಜಾ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು, ನಮ್ಮ ಮುಖಗಳನ್ನು ನೋಡುತ್ತ. ಸಾಹೇಬರು ಅವಳ ಕಡೆ ಒಮ್ಮೆ ಕಣ್ಣು ಹಾಯಿಸಿ, "ಮುಖ ಊದಿದೆ, ಥೈರಾಯ್ಡು. ಥೈರಾಯ್ಡ್ ಗುಳಿಗೆ ಶುರು ಮಾಡಿ ಒಳಗೆ ಕಳಿಸಿ. ಇವಳು ಎದ್ದು ನಿಂತು ಕುಣಿಬೇಕಂತ ಯಾರೂ ಹೇಳ್ಲಿಲ್ಲ. ಒಂದು ಕೇಸು, ಅಷ್ಟೇ," ಎಂದರು.

ಥೈರಾಯ್ಡ್ ಗುಳಿಗೆ ಮೊದಲು ಕೊಟ್ಟರೆ ಆಪರೇಶನ್ನೂ ಬೇಕಾಗಿರಲಿಲ್ಲ, ಗುಳಿಗೆಯೇ ಅವಳನ್ನು ಮುಗಿಸುತ್ತಿತ್ತು. ಪಾತ್ರೆಯಲ್ಲಿ ನೀರಿಲ್ಲದಿರುವಾಗ ಒಲೆಗೆ ಸೌದೆ ತುರುಕಿದ ಹಾಗೆ. ದೇಹದ ಓಟ ಹೆಚ್ಚುತ್ತದೆ, ಇದ್ದ ಚೂರು ಕಾರ್ಟಿಸಾಲೂ ಖರ್ಚಾಗಿ ಮನುಷ್ಯ ಕುಸಿಯುತ್ತಾನೆ. ಸ್ಟಿರಾಯ್ಡ್ ಮೊದಲು, ಥೈರಾಯ್ಡ್ ಆಮೇಲೆ. ಬಾಣದ ಗುರುತು ನೋಡಿ ಗುಳಿಗೆ ಬರೆಯುವ ನನ್ನ ತಂಗಿಯ ಮಗಳೂ ಇದನ್ನು ನೆನಪಿಡಲಿ, ಆ ರಿಪೋರ್ಟು ಯಾವುದು ಮೊದಲು ಎಂದು ಹೇಳುವುದಿಲ್ಲ.

ವಾದ ಮಾಡಿ ಪ್ರಯೋಜನವಿಲ್ಲ ಎಂದು ಗೊತ್ತಿತ್ತು. ಸರಕಾರಿ ಮನುಷ್ಯನಿಗೆ ಸಾವಿನ ಭಯಕ್ಕಿಂತ ಸಹಿಯ ಭಯ ದೊಡ್ಡದು. ಬಿ.ಪಿ. ಬರೆದ ಚೀಟಿಯನ್ನು ಅವರ ಮುಂದೆ ಹಿಡಿದೆ.

"ಆಯ್ತು ಸಾರ್. ಈ ಬಿ.ಪಿ.ಯ ಕೆಳಗೆ, 'ಆಪರೇಶನ್ ಮಾಡಬಹುದು' ಅಂತ ತಾವೇ ಬರೆದು ಸಹಿ ಹಾಕಿ. ನಾನೇ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ತೇನೆ."

ಸಾಹೇಬರ ಕೈ ಕಿಸೆಯ ಪೆನ್ನಿನವರೆಗೆ ಹೋಗಿ ಅಲ್ಲೇ ನಿಂತಿತು. ಗಲಾಟೆ ಕೇಳಿ ಸರ್ಜನ್ ಇಣುಕಿದರು. ಚೀಟಿ ನೋಡಿ, "ಇಷ್ಟು ಬಿ.ಪಿ.ಗೆ ನಾನು ಕತ್ತಿ ಮುಟ್ಟುವುದಿಲ್ಲ," ಎಂದು ಹೊರಟೇಹೋದರು. ಒಳ್ಳೆಯ ಮನುಷ್ಯ, ಅವರ ಮಾತು ಆ ಒಂದು ವಾಕ್ಯಕ್ಕೆ ಮುಗಿಯಿತು.

ಸಾಹೇಬರ ಕಿವಿ ಕೆಂಪಾಯಿತು. "ನಿಮ್ಮನ್ನು ಎಲ್ಲಿಗೆ ಹಾಕ್ಬೇಕು ಅಂತ ನನಗೆ ಗೊತ್ತುಂಟು. ಇವಳ ಲೆಕ್ಕಕ್ಕೆ ಬೇರೆ ಕೇಸು ಎಲ್ಲಿ? ಕೇಸಿಲ್ಲದೆ ಸಂಬಳ ಇಲ್ಲ."

ಆಗ ನಾನು ಬಾಗಿಲ ಸಂದಿಯಲ್ಲಿ ಮೂಗು ತೂರಿಸಿ ನಿಂತಿದ್ದ ಹೆಡ್‌ಮಾಸ್ತರರನ್ನು ಒಳಗೆ ಕರೆದೆ.

"ಹೆಡ್‌ಮಾಸ್ಟ್ರೇ, ನಿಮಗೆ ಮಕ್ಕಳು ಎಷ್ಟು?"

"ದೇವರ ದಯೆಯಿಂದ ಆರು," ಎಂದರು, ಹೆಮ್ಮೆಯಿಂದಲೇ.

"ಹಾಗಾದ್ರೆ ಕೇಸು ಇಲ್ಲೇ ಉಂಟಲ್ಲ. ಗಂಡಸರಿಗೆ ಹೊಟ್ಟೆ ಕೊಯ್ಲಿಕ್ಕೂ ಇಲ್ಲ, ಸಂಜೆಯ ಬಸ್ಸಿಗೆ ಮನೆಗೆ ಹೋಗ್ಬಹುದು."

ಸಾಹೇಬರ ಮುಖ ಅರಳಿತು. ಕೋಪವನ್ನೆಲ್ಲ ಅಲ್ಲೇ ಬಿಟ್ಟು ಹೆಡ್‌ಮಾಸ್ತರರನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಸಂತೆಯಲ್ಲಿ ಎತ್ತು ನೋಡುವ ಹಾಗೆ. ಹೆಡ್‌ಮಾಸ್ತರರು ಬೆವರಿದರು.

"ನನಗೆ ಸಕ್ಕರೆ ಕಾಯಿಲೆ ಉಂಟು ಸಾರ್."

"ಅದಕ್ಕೇನಂತೆ, ಈಗಲೇ ನೋಡುವ," ಎಂದು ನಾನು ಅವರ ಕೈಗೆ ಮೂತ್ರದ ಬಾಟ್ಲಿ ಕೊಟ್ಟೆ. ಆಗಿನ ಪರೀಕ್ಷೆ ಸುಲಭ. ನೀಲಿ ದ್ರಾವಣಕ್ಕೆ ಮೂತ್ರದ ಹನಿ ಹಾಕಿ ಕಾಯಿಸಬೇಕು, ಸಕ್ಕರೆ ಇದ್ದರೆ ಹಸಿರು, ಹಳದಿ, ಇಟ್ಟಿಗೆ ಕೆಂಪು; ಇಲ್ಲದಿದ್ದರೆ ನೀಲಿಯೇ. ಸ್ಪಿರಿಟ್ ದೀಪ ಹಚ್ಚಿ ಕಾದೆವು. ಹೆಡ್‌ಮಾಸ್ತರರು ಬರಲಿಲ್ಲ. ಅಟೆಂಡರ್ ಹೋಗಿ ನೋಡಿದರೆ ಶಾಲೆಯ ಕಂಪೌಂಡು ಗೋಡೆಯ ಮೇಲೆ ಖಾಲಿ ಬಾಟ್ಲಿ ಮಾತ್ರ ಇತ್ತು. ಗೋಡೆ ಹಾರಿದ ರಭಸಕ್ಕೆ ಒಂದು ಚಪ್ಪಲಿ ಇತ್ತ ಕಡೆಯೇ ಉಳಿದಿತ್ತು.

ಆ ಚಪ್ಪಲಿಯ ಪುಣ್ಯದಿಂದ ಗಿರಿಜಾಳ ಕೆಲಸ ಉಳಿಯಿತು. ಅವಳ ವಿಷಯ ಎತ್ತಿದರೆ ತಮ್ಮ ಆರು ಮಕ್ಕಳ ವಿಷಯವೂ ಎದ್ದೇಳುತ್ತದೆ ಎಂದು ಹೆಡ್‌ಮಾಸ್ತರರಿಗೆ ಹೊಳೆಯಿತು. ನಾನು ಬರೆದುಕೊಟ್ಟ ರಜೆಯ ಸರ್ಟಿಫಿಕೇಟಿಗೆ ತುಟಿಪಿಟಿಕ್ಕೆನ್ನದೆ ಸಹಿ ಹಾಕಿದರು. ನಿಂತ ಸಂಬಳವೂ ಬಂತು. ನಾನು ಪ್ರೆಡ್ನಿಸೋಲೋನ್ ಎಂಬ ಸ್ಟಿರಾಯ್ಡ್ ಶುರು ಮಾಡಿದೆ, ತೀರಾ ಸಣ್ಣ ಗುಳಿಗೆ. ಕೆಲವು ದಿನ ಬಿಟ್ಟು ಥೈರಾಯ್ಡಿನದ್ದು, ಅದೂ ಚೂರು ಚೂರೇ. ಜ್ವರ ಬಂದರೆ ಸ್ಟಿರಾಯ್ಡ್ ಗುಳಿಗೆ ದುಪ್ಪಟ್ಟು, ಆಟಿ ಅಮಾವಾಸ್ಯೆಗೆ ಕಷಾಯ ಕುಡಿದರೂ ಗುಳಿಗೆ ಬಿಡಬಾರದು ಎಂದು ಅವಳ ತಾಯಿಯನ್ನೂ ಕೂರಿಸಿ ಹೇಳಿದೆ.

ಮಳೆಗಾಲ ಹಿಡಿಯುವಷ್ಟರಲ್ಲಿ ಒಂದು ಬೆಳಿಗ್ಗೆ ಯಾರೋ ಹೆಂಗಸು ಆಸ್ಪತ್ರೆಯ ಮೆಟ್ಟಿಲನ್ನು ಬಿರಬಿರನೆ ಹತ್ತಿ ಬಂದಳು. ಗುರುತು ಸಿಗಲಿಲ್ಲ. ಸ್ವೆಟರ್ ಇರಲಿಲ್ಲ. "ಡಾಕ್ಟ್ರೇ, ನನಗೆ ಸೆಖೆ ಆಗ್ತದೆ," ಎಂದು ಹೇಳಿ ಅತ್ತಳು. ಬೆವರು ಬಂದದ್ದಕ್ಕೆ ಸಂತೋಷಪಟ್ಟು ಅತ್ತವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು, ಮರೆಮಾಡಲು ನರ್ಸಿಗೆ ಸುಮ್ಮನೆ ಬೈದೆ. ಹಾಲು, ಮುಟ್ಟು ಹಿಂದೆ ಬರಲಿಲ್ಲ. ಉಳಿದದ್ದೆಲ್ಲ ಬಂತು. ಸ್ವರ ಕೂಡ. ಹೆಡ್‌ಮಾಸ್ತರರು ಸಿಕ್ಕಿದಾಗ ಸಣ್ಣ ದನಿಯಲ್ಲಿ, "ಮೊದಲೇ ಒಳ್ಳೆದಿತ್ತು ಮಾರಾಯ್ರೆ, ಈಗ ಮೀಟಿಂಗಿನಲ್ಲಿ ಎಲ್ಲದಕ್ಕೂ ಪ್ರಶ್ನೆ ಕೇಳ್ತಾರೆ," ಎಂದರು. ಗುಳಿಗೆಗೆ ಅಷ್ಟು ಪವರ್ ಇತ್ತು.

ಎಂಬತ್ತರ ದಶಕದಲ್ಲಿ ಸಾಹೇಬರು ನಿವೃತ್ತರಾದರು. ಮೂಡಬಿದಿರೆಯಲ್ಲಿ ಬೀಳ್ಕೊಡುಗೆ ಸಭೆ. ನಾನು ಆಗ ಅಲ್ಲೇ ಇದ್ದೆ. ಪ್ರಾರ್ಥನೆಗೆ ಯಾರಾದರೂ ಹಾಡುವವರಿದ್ದಾರಾ ಎಂದು ಕೇಳಿದರು. ವರ್ಗವಾಗಿ ಪೇಟೆಯ ಶಾಲೆಗೆ ಬಂದಿದ್ದ ಗಿರಿಜಾ ಟೀಚರ ಹೆಸರು ಹೇಳಿದೆ. ಅದರಲ್ಲಿ ಕುಚೇಷ್ಟೆ ಇರಲಿಲ್ಲ ಎಂದರೆ ಸುಳ್ಳಾದೀತು.

ಅವಳು ಹಾಡಿದಳು, ಚಂದವಾಗಿ, ಮೈಕು ಬೇಡದಷ್ಟು ಗಟ್ಟಿಯಾಗಿ. ಆಮೇಲೆ ಭಾಷಣಗಳು. ಅಷ್ಟರಲ್ಲಿ ಸರಕಾರ ಬದಲಾಗಿ, ಟಾರ್ಗೆಟ್ಟಿನ ಕಾಲದ ಹೆಸರೆತ್ತಲು ಎಲ್ಲರಿಗೂ ನಾಚಿಕೆಯಾಗುವಂತಾಗಿತ್ತಲ್ಲ, ಸಾಹೇಬರೂ ತಮ್ಮ ಉತ್ತರದಲ್ಲಿ ಅದನ್ನು ತೊಳೆದುಕೊಳ್ಳಲು ಹೊರಟರು. "ಆ ಕಾಲದಲ್ಲೂ ನಾನು ಮನುಷ್ಯತ್ವ ಬಿಡಲಿಲ್ಲ. ಇದೇ ಊರಿನ ಕ್ಯಾಂಪಿಗೆ ಅರೆಜೀವದ ಒಬ್ಬಳು ಟೀಚರನ್ನು ತಂದಿದ್ದರು. ಪಾಪ, ಪಿಟ್ಯೂಟರಿ ಕಾಯಿಲೆ. ನೋಡಿದ ಕೂಡಲೇ ಗೊತ್ತಾಯಿತು. ಸಂಬಂಧಪಟ್ಟವರು ಒತ್ತಾಯ ಮಾಡಿದರೂ ನಾನು ಅವಳನ್ನು ಒಳಗೆ ಬಿಡಲಿಲ್ಲ," ಎಂದರು. ಚಪ್ಪಾಳೆ ಬಿತ್ತು. ನನಗೆ ಕೂತ ಕುರ್ಚಿ ಸುಟ್ಟ ಹಾಗಾಯಿತು. ಕಾಸರಕದ ಕೇಸಿನಲ್ಲಿ ಸುಮ್ಮನಿದ್ದೆ. ಈ ಸಲ ಎದ್ದು ಹೇಳಿಬಿಡಬೇಕು ಎಂದುಕೊಂಡೆ. ನಾನು ಏಳುವಷ್ಟರಲ್ಲಿ ನೆನಪಿನ ಕಾಣಿಕೆಯ ತಟ್ಟೆ ಹಿಡಿದು ಗಿರಿಜಾ ಟೀಚರ್ ವೇದಿಕೆ ಹತ್ತಿಯಾಗಿತ್ತು.

ಸಾಹೇಬರು ಮೈಕಿನ ಮುಂದೆಯೇ ನಿಂತು, ಹಾರದ ಮೇಲೆ ಹಾರ ಹಾಕಿಕೊಂಡು, ನಗುತ್ತ ಅವಳನ್ನು ನೋಡಿದರು. "ಪ್ರಾರ್ಥನೆ ತುಂಬಾ ಚೆನ್ನಾಗಿ ಹಾಡಿದ್ರಿ. ಯಾವ ಶಾಲೆಯಮ್ಮ ನೀವು?"

ಗಿರಿಜಾ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು.

"ನೀವು ಈಗ ಹೇಳಿದ್ರಲ್ಲ ಸಾರ್, ಆ ಟೀಚರ್ ನಾನೇ. ಆ ದಿವಸ ನೀವು ಡಾಕ್ಟ್ರಿಗೆ ಹೇಳಿದ್ದೆಲ್ಲ ನನಗೆ ಕೇಳ್ತಾ ಇತ್ತು. ಉತ್ತರ ಕೊಡ್ಲಿಕ್ಕೆ ಶಕ್ತಿ ಇರ್ಲಿಲ್ಲ. ಈಗ ಉಂಟು."

ಮೈಕು ಬಂದ್ ಮಾಡಲು ಯಾರಿಗೂ ನೆನಪಾಗಲಿಲ್ಲ.